ನತ್ತಂ, ಬಡಾವಣೆ, ಅಪಾರ್ಟ್‌ಮೆಂಟ್: ಆಲಸನತ್ತಂನಿಂದ ಒಂದು ಪ್ರಶ್ನೆ

ಹಳೆಯ ವಸತಿಗೆ ಹೊಂದುವ ಹಾಗೆ ಹೊಸ ಅಪಾರ್ಟ್‌ಮೆಂಟ್ ಕಟ್ಟಬೇಕು ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡ್ತೀವಿ. ಯಾವ ಹಳೆಯದಕ್ಕೆ ಅನ್ನೋದು ನನ್ನ ಪ್ರಶ್ನೆ.

ಹೊಸೂರಿನ ಆಲಸನತ್ತಂ ಹೆಸರನ್ನೇ ನೋಡಿ. ತಮಿಳುನಾಡಿನ ಕಂದಾಯ ಭಾಷೆಯಲ್ಲಿ ‘ನತ್ತಂ’ ಎಂದರೆ ಊರವರು ಮನೆ ಕಟ್ಟಿಕೊಂಡಿರುವ ನೆಲ. ಕರ್ನಾಟಕದಲ್ಲಿ ಗ್ರಾಮಠಾಣ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಇಂಥ ಕಡೆ ಮನೆಗಳು ಸಾಮಾನ್ಯವಾಗಿ ಗೋಡೆಗೆ ಗೋಡೆ ತಾಗಿ ನಿಂತವು. ಕಾಂಪೌಂಡ್ ಇಲ್ಲ, ಬೀದಿಗೇ ಜಗಲಿ. (ಈ ಸೀಮೆಯಲ್ಲಿ ಅದಕ್ಕೆ ಮೂರು ಹೆಸರು: ಕನ್ನಡದವರಿಗೆ ಜಗಲಿ, ತೆಲುಗರಿಗೆ ಅರುಗು, ತಮಿಳರಿಗೆ ತಿಣ್ಣೈ.)

ಬಡಾವಣೆಯ ಕಥೆ ಬೇರೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ರೂಪುಗೊಂಡದ್ದು 1898ರ ಪ್ಲೇಗಿನ ಕಾಲದಲ್ಲಿ. ಪೇಟೆಯ ಒತ್ತೊತ್ತು ಮನೆಗಳಲ್ಲೇ ರೋಗ ಹಬ್ಬುತ್ತದೆ ಎಂಬ ಭಯ. ಹಾಗಾಗಿ ನೇರ ರಸ್ತೆ, ಮನೆ ಸುತ್ತ ಖಾಲಿ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ. ಇವತ್ತು ನಾವು ‘ಹಳೇ ಬೆಂಗಳೂರು’ ಅಂತ ಉಳಿಸಲು ಹೊರಟಿರೋದು ಅಂದಿನ ಸರ್ಕಾರದ ಒಂದು ಆರೋಗ್ಯ ಯೋಜನೆಯನ್ನು! ಇಂದಿನ ಸೆಟ್‌ಬ್ಯಾಕ್ ನಿಯಮಗಳಲ್ಲೂ ಗಾಳಿ-ಬೆಳಕಿನ ಅದೇ ಚಿಂತೆಯಿದೆ.

ಹೊಸೂರಿಗೆ 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು, 2019ರಲ್ಲಿ ಊರು ಮಹಾನಗರ ಪಾಲಿಕೆಯಾಯಿತು. ಅದೇ ವರ್ಷ ತಮಿಳುನಾಡು ಸಂಯೋಜಿತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳೂ ಬಂದವು. ಅದರ ಪ್ರಕಾರ 18.30 ಮೀಟರ್ ದಾಟಿದ್ದು ಎತ್ತರದ ಕಟ್ಟಡ. ಚರ್ಚೆಯೆಲ್ಲ ಈ ಎತ್ತರದ ಸುತ್ತಲೇ ನಡೆಯುತ್ತದೆ. ನನಗೆ ನೆಲಮಟ್ಟವೇ ಮುಖ್ಯ.

ಯಾಕೆಂದರೆ ನತ್ತಂ ಬೀದಿಯಲ್ಲಿ ಎರಡು ಮೂರು ಮನೆ ಕೆಡವಿ, ನಿಯಮ ಪಾಲಿಸಿಯೇ ಕಟ್ಟಿದರೂ, ಕಟ್ಟಡ ಹಿಂದೆ ಸರಿಯುತ್ತದೆ; ಕೆಳಗೆ ಕಾರು, ಮುಂದೆ ಗೇಟು. ಮನೆಸಾಲು ಹಲ್ಲು ಬಿದ್ದ ಬಾಯಿಯಂತಾಗುತ್ತದೆ. ಮೂರೇ ಅಂತಸ್ತಿದ್ದರೂ ಅಷ್ಟೇ. ಇದೇ ಕಟ್ಟಡ ಬಡಾವಣೆಯಲ್ಲಿ ಅಷ್ಟೇನೂ ಕಣ್ಣಿಗೆ ಚುಚ್ಚುವುದಿಲ್ಲ.

ದಾರಿ ಇಲ್ಲವೆಂದಲ್ಲ. ಅದೇ ನಿಯಮಗಳಲ್ಲಿ ‘ನಿರಂತರ ಕಟ್ಟಡ ಪ್ರದೇಶ’ ಎಂಬ ವರ್ಗವಿದೆ. ಅಲ್ಲಿ ಪಕ್ಕದ ಮನೆಗೆ ತಾಗಿ ಕಟ್ಟಬಹುದು. ಪಾರ್ಕಿಂಗ್ ಹಿಂದಕ್ಕೆ ಹಾಕಿ, ಬೀದಿಯಂಚಿಗೆ ಒಂದೆರಡು ಮನೆಬಾಗಿಲು, ಅಂಗಡಿ, ಕೂರಲು ಕಟ್ಟೆ ಇಟ್ಟರೆ ಐದು ಅಂತಸ್ತೂ ಹೊಂದಿಕೊಳ್ಳಬಹುದು ಅಂತ ನನ್ನ ಅನಿಸಿಕೆ. ಕಾರು ತಿರುಗಿಸೋಕೆ ಜಾಗ ಎಲ್ಲಿ ಅಂತ ಆರ್ಕಿಟೆಕ್ಚರ್ ವಿಭಾಗದವರು ಈಗ ಕೇಳ್ತೀರಿ. ಕೇಳಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.