ಬಿಸಿಲು ಬರೆದ ಚಿತ್ರ, ಬಿಸಿಲೇ ಅಳಿಸುವ ಚಿತ್ರ

'ಬ್ಲೂಪ್ರಿಂಟ್' ಅನ್ನೋ ಪದ ಎಲ್ರಿಗೂ ಗೊತ್ತು. ಆದ್ರೆ ಅದು ನೀಲಿನೇ ಯಾಕೆ? ಇವತ್ತು ಆ ನೀಲಿಯ ಕಥೆ ಹೇಳ್ತೀನಿ. ಇದು ಶುರುವಾಗೋದು ಸಮುದ್ರದ ಚಿಪ್ಪುಗಳಿಂದ.

ಆ್ಯನಾ ಅಟ್ಕಿನ್ಸ್ ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಬೆಳೆಸಿದ್ದು ಅಪ್ಪ, ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ವಿಜ್ಞಾನಿ ಜಾನ್ ಜಾರ್ಜ್ ಚಿಲ್ಡ್ರನ್. ಫ್ರಾನ್ಸಿನ ಲಮಾರ್ಕ್ ಚಿಪ್ಪುಗಳ ಬಗ್ಗೆ ಬರೆದದ್ದನ್ನ 1820ರ ದಶಕದಲ್ಲಿ ಅಪ್ಪ ಇಂಗ್ಲಿಷಿಗೆ ತಂದರು. ಅದಕ್ಕೆ 250ಕ್ಕೂ ಹೆಚ್ಚು ಚಿತ್ರ ಬರೆದುಕೊಟ್ಟಿದ್ದು ಮಗಳು.

ಚಿಪ್ಪು ಗಟ್ಟಿ ವಸ್ತು. ಒಳಗಿದ್ದ ಜೀವ ಹೋದ ಮೇಲೂ ಉಳಿಯುತ್ತೆ, ಎದುರಿಗಿಟ್ಟುಕೊಂಡು ನಿಧಾನವಾಗಿ ಚಿತ್ರ ಬರೀಬಹುದು. ಆದರೆ ಆ್ಯನಾಗೆ ಮುಂದೆ ಆಸಕ್ತಿ ಹುಟ್ಟಿದ್ದು ಕಡಲ ಪಾಚಿಯಲ್ಲಿ. ಕೂದಲೆಳೆಯಂಥ ಆ ಕವಲುಗಳನ್ನ ಕೈಯಲ್ಲಿ ಸರಿಯಾಗಿ ಬರೆಯೋದು ಬಹಳ ಕಷ್ಟ.

1842ರಲ್ಲಿ ಅವರ ಮನೆಗೆ ಆಪ್ತರಾಗಿದ್ದ ವಿಜ್ಞಾನಿ ಜಾನ್ ಹರ್ಷೆಲ್ ಒಂದು ದಾರಿ ಕಂಡುಹಿಡಿದರು. ಕಬ್ಬಿಣದ ಎರಡು ಲವಣ ಬೆರೆಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸೋದು. ಮೇಲೆ ವಸ್ತುವಿಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆಯೋದು. ಬಿಸಿಲು ತಾಗಿದ ಕಡೆಯೆಲ್ಲ ಕಡು ನೀಲಿ, ವಸ್ತು ಇದ್ದ ಜಾಗ ಬಿಳಿ. ಕ್ಯಾಮೆರಾನೇ ಬೇಡ! ಇದರ ಹೆಸರು ಸಯನೋಟೈಪ್. ಮುಂದೆ ಎಂಜಿನಿಯರ್‌ಗಳು ನಕ್ಷೆಗಳ ಪ್ರತಿ ತೆಗೆಯೋಕೆ ಇದನ್ನೇ ಬಳಸಿದ್ರು. ಬ್ಲೂಪ್ರಿಂಟ್ ಅನ್ನೋ ಹೆಸರು ಬಂದದ್ದು ಹಾಗೆ.

1843ರಲ್ಲಿ ಆ್ಯನಾ 'ಫೋಟೋಗ್ರಾಫ್ಸ್ ಆಫ್ ಬ್ರಿಟಿಷ್ ಆಲ್ಗೀ' ಪುಸ್ತಕದ ಮೊದಲ ಭಾಗ ತಂದರು. ಫೋಟೋ ಚಿತ್ರಗಳಿದ್ದ ಮೊದಲ ಪುಸ್ತಕ ಇದೇ ಅಂತ ಹೇಳ್ತಾರೆ. ಒಂದೊಂದು ಪ್ರತಿಯ ಒಂದೊಂದು ಪುಟವನ್ನೂ ಬಿಸಿಲಲ್ಲೇ ಅಚ್ಚು ಹಾಕಬೇಕಿತ್ತು. ಕೆಲಸ ಹತ್ತು ವರ್ಷ ನಡೀತು. ನಡುವೆ, 1852ರಲ್ಲಿ, ಅಪ್ಪ ತೀರಿಹೋದರು. ಗೆಳತಿ ಆ್ಯನ್ ಡಿಕ್ಸನ್ ಬಂದು ಜೊತೆಗಿದ್ದರು, ಇಬ್ಬರೂ ಸೇರಿ ಜರೀಗಿಡಗಳ ಚಿತ್ರ ತೆಗೆದರು. ಅಪ್ಪನ ನೆನಪಿಗೂ ಆ್ಯನಾ ಒಂದು ಪುಸ್ತಕ ಬರೆದರು.

ಪಾಚಿ ಪುಸ್ತಕದಲ್ಲಿ ಅವರು ಹಾಕಿಕೊಂಡ ಹೆಸರು ಬರೀ 'ಎ.ಎ.' ಮುಂದೆ ಅದನ್ನ ಓದಿದವರೊಬ್ಬರು 'ಅನಾನಿಮಸ್ ಅಮೆಚೂರ್', ಅಂದ್ರೆ ಯಾರೋ ಅನಾಮಿಕ ಹವ್ಯಾಸಿ ಅಂದುಕೊಂಡರು. ಪಾಚಿಯ ಗುರುತು ಉಳೀತು, ಅದನ್ನ ಉಳಿಸಿದವರ ಹೆಸರೇ ಮರೆಯಾಗಿತ್ತು.

ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಸಯನೋಟೈಪ್ ಹೆಚ್ಚು ಬೆಳಕಲ್ಲಿದ್ರೆ ಮಾಸುತ್ತೆ. ಆದರೆ ಕತ್ತಲಲ್ಲಿಟ್ಟರೆ ನೀಲಿ ಬಹುಮಟ್ಟಿಗೆ ವಾಪಸ್ ಬರುತ್ತೆ. ಅದಕ್ಕೇ ಮ್ಯೂಸಿಯಂಗಳು ಇವನ್ನ ಮಂದ ಬೆಳಕಲ್ಲಿ ಸ್ವಲ್ಪ ಕಾಲ ತೋರಿಸಿ, ಮತ್ತೆ ಕತ್ತಲೆಗೆ ಸೇರಿಸ್ತಾರೆ.

ನಮ್ಮ ಫೋನಲ್ಲಿ ಸಾವಿರಾರು ಫೋಟೋ ಇವೆ, ಸೇವ್ ಆಗಿದ್ರೆ ಸಾಕು ಅಂದ್ಕೋತೀವಿ. ಆದರೆ ಆ ಪಾಚಿ 180 ವರ್ಷ ಆದ ಮೇಲೂ ಕಾಣ್ತಿರೋದು ಬರೀ ಬಿಸಿಲಿಂದಲ್ಲ. ಯಾವಾಗ ತೆರೀಬೇಕು, ಯಾವಾಗ ಮುಚ್ಚಿಡಬೇಕು ಅಂತ ಒಬ್ಬರಾದ ಮೇಲೆ ಒಬ್ಬರು ನೋಡಿಕೊಂಡಿದ್ದಾರೆ. ನೆನಪು ಉಳಿಯೋಕೆ ಅಂಥವರು ಬೇಕು.