ಡೆಪ್ಯುಟಿಯ ಜೇಬಿನಲ್ಲಿ ಒಂದೇ ಗುಂಡು

ಅಮೆರಿಕದಲ್ಲಿ ಪೊಲೀಸಿನವನನ್ನು ರೇಗಿಸಲು ಕೆಟ್ಟ ಬೈಗುಳವೇನೂ ಬೇಕಾಗಿಲ್ಲ. ‘ಬಾರ್ನಿ ಫೈಫ್’ ಅಂದರೆ ಸಾಕು. ಕೇಳಲು ಅದು ಒಬ್ಬನ ಹೆಸರು, ಆದರೆ ಅಂಥವನೊಬ್ಬ ಹುಟ್ಟಿಯೇ ಇರಲಿಲ್ಲ. 1960ರ ಅಕ್ಟೋಬರ್ 3ರಂದು ಸಿಬಿಎಸ್ ವಾಹಿನಿಯಲ್ಲಿ ಶುರುವಾದ ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಹಾಸ್ಯ ಧಾರಾವಾಹಿಯ ಡೆಪ್ಯುಟಿ ಶೆರಿಫ್ ಅವನು. ನಾರ್ತ್ ಕೆರೊಲಿನಾ ರಾಜ್ಯದ ಮೇಬೆರಿ ಅವನ ಊರು. ಅದೂ ಕಟ್ಟುಕಥೆಯದೇ. ಶೇಕ್ಸ್‌ಪಿಯರ್‌ನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಬರುವ, ಇವನಂಥದೇ ಪೆದ್ದ ಕಾನ್‌ಸ್ಟೆಬಲ್ ಡಾಗ್‌ಬೆರಿ ಇಂಗ್ಲಿಷ್ ನಿಘಂಟಿಗೇ ಹೊಕ್ಕ. ಬಾರ್ನಿ ಅಮೆರಿಕದವರ ಬಾಯಿಮಾತಿನಲ್ಲಿ ನೆಲೆಯಾದ. ಅವನ ದೆಸೆಯಿಂದ ಅವನ ಹುದ್ದೆಯ ಹೆಸರೂ ಸ್ವಲ್ಪ ಮಾನ ಕಳೆದುಕೊಂಡಿತು. ಈ ಸಲ ಆ ಹುದ್ದೆಯ ಹೆಸರನ್ನೇ ಕೈಗೆತ್ತಿಕೊಳ್ಳೋಣ: ಡೆಪ್ಯುಟಿ.

ಪದದ ಬೇರು ಲ್ಯಾಟಿನ್ನಿನ ‘ಪುಟಾರೆ’. ಅದು ಮೂಲತಃ ತೋಟದವರ ಮಾತು, ಬೇಡದ ರೆಂಬೆ ಸವರಿ ಗಿಡವನ್ನು ಚೊಕ್ಕ ಮಾಡುವುದು. ಗಿಡದಿಂದ ಅದು ಲೆಕ್ಕದ ಪುಸ್ತಕಕ್ಕೆ ಹಬ್ಬಿತು. ಲೆಕ್ಕ ಚೊಕ್ಕ ಮಾಡುವುದು, ಎಣಿಸುವುದು, ಕೊನೆಗೆ ಮನಸ್ಸಿನಲ್ಲಿ ಎಣಿಸುವುದು, ಅಂದರೆ ಭಾವಿಸುವುದು. ನಮ್ಮ ಮೇಜಿನ ಮೇಲಿನ ಕಂಪ್ಯೂಟರು, ಆಸ್ಪತ್ರೆಯಲ್ಲಿ ಕೈಕಾಲು ಕತ್ತರಿಸುವ ಆಂಪ್ಯುಟೇಶನ್ನು, ಎಲ್ಲ ಆ ವಂಶದವೇ. ‘ಡೆಪುಟಾರೆ’ ಅಂದರೆ ಕತ್ತರಿಸಿ ಬೇರೆ ಮಾಡುವುದು. ಅಲ್ಲಿಂದ ಮುಂದೆ, ಇಂಥ ಕೆಲಸಕ್ಕೆ ಇಂಥವನು ಎಂದು ಒಬ್ಬನನ್ನು ಬೇರೆ ತೆಗೆದಿಡುವುದು. ಫ್ರಾನ್ಸಿನಲ್ಲಿ ಹಾಗೆ ತೆಗೆದಿಟ್ಟವನು ಸಂಸತ್ತಿನ ಸದಸ್ಯನಾದ. ಅಲ್ಲಿನ ‘ದೆಪ್ಯುತೆ’ ಯಾರ ಸಹಾಯಕನೂ ಅಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅವನು ಇನ್ನೊಬ್ಬನ ಹೆಸರಿನಲ್ಲಿ ಕೆಲಸ ಮಾಡುವವನಾಗಿ ಉಳಿದ.

ತಮಾಷೆಯೆಂದರೆ ಬಾರ್ನಿಯ ಮೆಚ್ಚಿನ ಉಪದೇಶ ಕೂಡ ಸವರುವುದರ ಬಗ್ಗೆಯೇ. ಊರಿನಲ್ಲಿ ಒಬ್ಬ ಹುಡುಗ ಸುಳ್ಳು ಹೇಳಿದರೂ ಸೊಂಟದ ಪಟ್ಟಿ ಮೇಲೆಳೆದು, ಮೂಗು ಸೊರ್ರೆನಿಸಿ, ಇದನ್ನು ಮೊಳಕೆಯಲ್ಲೇ ಚಿವುಟಬೇಕು ಎಂದು ಶುರುಮಾಡುತ್ತಾನೆ. ಒಂದು ಸಲ ಹೇಳಿ ಬಿಡುವ ಆಸಾಮಿಯಲ್ಲ. ಲ್ಯಾಟಿನ್ ಗೊತ್ತಿಲ್ಲದೆಯೇ ಪದದ ಬೇರು ಹಿಡಿದವನು.

ಅಮೆರಿಕದ ಶೆರಿಫ್ ಸರ್ಕಾರ ನೇಮಿಸಿ ಕಳಿಸುವ ಅಧಿಕಾರಿಯಲ್ಲ, ಹೆಚ್ಚಿನ ಕಡೆ ಕೌಂಟಿಯ ಜನ ಮತ ಹಾಕಿ ಆರಿಸಿದವನು. ಡೆಪ್ಯುಟಿಗೆ ಯಾರೂ ಮತ ಹಾಕುವುದಿಲ್ಲ, ಶೆರಿಫ್ ಅವನನ್ನು ನೇಮಿಸಿಕೊಳ್ಳುತ್ತಾನೆ, ಪ್ರಮಾಣವಚನ ಮಾಡಿಸುತ್ತಾನೆ, ಬಿಲ್ಲೆ ಚುಚ್ಚುತ್ತಾನೆ. ಅವನು ಏನು ಮಾಡಿದರೂ ಶೆರಿಫ್‌ನ ಹೆಸರಿನಲ್ಲಿ. ಹಳೆಯ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ ಡೆಪ್ಯುಟಿಯೆಂದರೆ ಶೆರಿಫ್‌ನ ಇನ್ನೊಂದು ರೂಪವೇ ಎನ್ನುತ್ತದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಬಾರ್ನಿಯೇ ಆಂಡಿ! ಬಂದೂಕು ಕಟ್ಟಿಕೊಳ್ಳದೆ ಮಾತಿನಲ್ಲೇ ಊರು ಆಳುವ ಶೆರಿಫ್ ಆಂಡಿ ಟೇಲರ್ ಒಂದು ಕಡೆ. ಚಪ್ಪಟೆ ಎದೆ, ದೊಡ್ಡ ಕಣ್ಣು, ಬಂದೂಕು ಕಂಡರೆ ರೋಮಾಂಚನಗೊಳ್ಳುವ ಬಾರ್ನಿ ಇನ್ನೊಂದು ಕಡೆ. ಇಬ್ಬರೂ ಒಂದೇ ಎಂದು ಕಾನೂನು ಹೇಳುವಾಗ ಹಾಸ್ಯಕ್ಕೆ ಬೇರೆ ಕಚ್ಚಾವಸ್ತು ಬೇಕೆ?

ಬಂದೂಕಿನ ಏರ್ಪಾಡು ಹೀಗೆ. ಬಾರ್ನಿಯ ಸೊಂಟದಲ್ಲಿ ರಿವಾಲ್ವರ್ ಇದೆ, ಅದು ಖಾಲಿ. ಆಂಡಿ ಅವನಿಗೆ ಒಂದೇ ಒಂದು ಗುಂಡು ಕೊಟ್ಟಿದ್ದಾನೆ, ಅದನ್ನು ಅಂಗಿಯ ಜೇಬಿನಲ್ಲಿ ಗುಂಡಿ ಹಾಕಿ ಇಟ್ಟುಕೊಳ್ಳಬೇಕು. (ಇನ್ನೊಂದು ಬಗೆಯ ಗುಂಡಿನ ಉಸ್ತುವಾರಿ ಮೇಬೆರಿಯಲ್ಲಿ ಓಟಿಸ್ ಎಂಬುವನದು. ಕುಡಿದು ಬಂದು, ಗೋಡೆಗೆ ತೂಗುಹಾಕಿದ ಬೀಗದಕೈ ತಾನೇ ತೆಗೆದುಕೊಂಡು, ಲಾಕಪ್ಪಿನಲ್ಲಿ ಮಲಗಿ, ಬೆಳಿಗ್ಗೆ ತಾನೇ ಬಾಗಿಲು ತೆರೆದು ಹೋಗುತ್ತಾನೆ.) ಆಪತ್ತು ಬಂತೆಂದು ಬಾರ್ನಿ ನಡುಗುವ ಬೆರಳಿನಲ್ಲಿ ಜೇಬಿನ ಗುಂಡಿ ಬಿಚ್ಚಿ, ಗುಂಡು ತೆಗೆದು, ತುಂಬಿ, ವೀರನ ಹಾಗೆ ನಿಂತು, ಬಂದೂಕನ್ನು ಒರೆಗೆ ಇಳಿಸುತ್ತಾನೆ. ಢಂ! ನೆಲಕ್ಕೆ ತೂತು. ಆಂಡಿ ಬೈಯುವುದಿಲ್ಲ. ಕೈ ಚಾಚುತ್ತಾನೆ ಅಷ್ಟೆ.

ನನ್ನ ಮಟ್ಟಿಗೆ ಡೆಪ್ಯುಟಿ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಯಾವ ನಿಘಂಟಿನಲ್ಲೂ ಇಲ್ಲ. ಡೆಪ್ಯುಟಿಯ ಅಧಿಕಾರವೆಲ್ಲ ಕಡ ತಂದದ್ದು. ಕೊಟ್ಟವನು ಅಳೆದು ಕೊಟ್ಟಿರುತ್ತಾನೆ, ಬೇಕೆಂದಾಗ ವಾಪಸ್ಸು ಕೇಳುತ್ತಾನೆ. ಕಡ ತಂದ ಒಡವೆ ಹಾಕಿಕೊಂಡವರು ಮದುವೆಮನೆಯಲ್ಲಿ ಗಳಿಗೆಗೊಮ್ಮೆ ಕೊರಳು ಮುಟ್ಟಿ ನೋಡಿಕೊಳ್ಳುವ ಹಾಗೆ, ಬಾರ್ನಿಯ ಕೈ ಮತ್ತೆ ಮತ್ತೆ ಆ ಜೇಬಿಗೆ ಹೋಗುತ್ತದೆ.

ವಿಚಿತ್ರವೆಂದರೆ ಮೊದಲು ಹಾಕಿದ ಲೆಕ್ಕದಲ್ಲಿ ಈ ಡೆಪ್ಯುಟಿ ಇರಲೇ ಇಲ್ಲ. 1960ರ ಫೆಬ್ರವರಿಯಲ್ಲಿ ಹಾಸ್ಯನಟ ಡ್ಯಾನಿ ಥಾಮಸ್‌ನ ಕಾರ್ಯಕ್ರಮದ ಒಂದು ಕಂತಿನಲ್ಲಿ ನಟ ಆಂಡಿ ಗ್ರಿಫಿತ್ ಶೆರಿಫ್ ಆಗಿ ಬಂದ. ಅದನ್ನು ನೋಡಿದ, ಮುಂದೆ ಬಾರ್ನಿಯ ಪಾತ್ರ ಮಾಡಿದ ಡಾನ್ ನಾಟ್ಸ್ ಫೋನ್ ಮಾಡಿ, ನಿನ್ನ ಶೆರಿಫ್‌ಗೆ ಒಬ್ಬ ಡೆಪ್ಯುಟಿ ಬೇಡವೇ ಎಂದು ಕೇಳಿದ. ಇಬ್ಬರೂ ಹಿಂದೆ ‘ನೋ ಟೈಮ್ ಫಾರ್ ಸಾರ್ಜೆಂಟ್ಸ್’ ನಾಟಕದಲ್ಲಿ, ಸಿನಿಮಾದಲ್ಲಿ ಕೂಡಿ ಮಾಡಿದವರು. ನಗಿಸುವ ಪಾತ್ರ ಆಂಡಿಯದು ಎಂದು ಮೊದಲಿಗೆ ಎಣಿಕೆಯಿತ್ತು. ಕೆಲವೇ ಕಂತುಗಳಲ್ಲಿ ಗ್ರಿಫಿತ್‌ಗೆ ಗೊತ್ತಾಯಿತು, ನಗು ಇರುವುದು ಪಕ್ಕದಲ್ಲಿ ನಿಂತವನ ಹತ್ತಿರ. ತಾನು ಹಿಂದೆ ಸರಿದು, ಗಂಭೀರವಾಗಿ ನಿಂತು, ಅವನಿಗೆ ಜಾಗ ಬಿಟ್ಟ. ಹೆಸರು ತನ್ನದಿರುವ ಕಾರ್ಯಕ್ರಮದಲ್ಲಿ ಹಾಗೆ ಸರಿದು ನಿಲ್ಲುವ ನಟರನ್ನು ನಾವು ಎಷ್ಟು ಜನರನ್ನು ಕಂಡಿದ್ದೇವೆ?

ಡೆಪ್ಯುಟಿಗಳ ನಿಜವಾದ ಪರೀಕ್ಷೆ ಸಾಹೇಬರು ಊರಲ್ಲಿಲ್ಲದ ದಿನ. ನಮ್ಮ ಕಚೇರಿಗಳ ಭಾಷೆಯಲ್ಲಿ ‘ಇನ್‌ಚಾರ್ಜ್’ ದಿನ. ಒಂದು ಕಂತಿನಲ್ಲಿ ಆಂಡಿ ಒಂದು ದಿನದ ಮಟ್ಟಿಗೆ ಪರಊರಿಗೆ ಹೋಗುತ್ತಾನೆ. ತಿರುಗಿ ಬಂದು ನೋಡಿದರೆ ಊರೇ ಲಾಕಪ್ಪಿನಲ್ಲಿದೆ. ದೊಡ್ಡ ಮನುಷ್ಯರು ಒಳಗೆ, ಆಂಡಿಯ ಮನೆಯ ಅಡುಗೆ ನೋಡಿಕೊಳ್ಳುವ ಸೋದರತ್ತೆ ಬೀ ಕೂಡ ಒಳಗೆ. ಒಬ್ಬೊಬ್ಬರ ಮೇಲೂ ಬಾರ್ನಿ ಪುಸ್ತಕ ನೋಡಿಯೇ ಕಲಮು ಹಾಕಿದ್ದಾನೆ, ಕಾನೂನಿನ ಪ್ರಕಾರ ತಪ್ಪು ಹುಡುಕುವುದು ಕಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ನಮ್ಮ ಗಾದೆ ಹುಟ್ಟಿದ್ದೇ ಇಂಥ ದಿನಗಳಲ್ಲಿ ಇರಬೇಕು. ಆಂಡಿ ಆ ಊರಿನ ನ್ಯಾಯಾಧೀಶನೂ ಹೌದು, ಎಲ್ಲರನ್ನೂ ಬಿಟ್ಟುಬಿಡುತ್ತಾನೆ. ಕಥೆ ಅಲ್ಲಿಗೆ ಮುಗಿದಿದ್ದರೆ ಸಾಧಾರಣ ಪ್ರಹಸನ. ಊರೆಲ್ಲ ಬಾರ್ನಿಯನ್ನು ನೋಡಿ ನಗುತ್ತದೆ, ಅವನು ಕುಗ್ಗಿಹೋಗುತ್ತಾನೆ. ಆಗ ಆಂಡಿ, ಇವನನ್ನು ಕೆಲಸದಿಂದ ತೆಗೆಯಬೇಕಾಗಬಹುದು ಎಂಬ ಸುದ್ದಿ ಊರಿಗೆ ಮುಟ್ಟುವ ಹಾಗೆ ಮಾಡುತ್ತಾನೆ. ನಕ್ಕವರೇ ಒಬ್ಬೊಬ್ಬರಾಗಿ ಬಂದು ತಮ್ಮ ತಪ್ಪು ಒಪ್ಪಿಕೊಂಡು ಮತ್ತೆ ಲಾಕಪ್ಪು ಸೇರುತ್ತಾರೆ.

1963ರ ಇನ್ನೊಂದು ಕಂತಿನಲ್ಲಿ ಗಾಡಿಯನ್ನು ರಸ್ತೆಯಲ್ಲೇ ಹಿಂದಕ್ಕೆ ತಿರುಗಿಸಿದ್ದಕ್ಕೆ ಪೆಟ್ರೋಲ್ ಬಂಕಿನ ಮುಗ್ಧ ಹುಡುಗ ಗೋಮರ್‌ಗೆ ಬಾರ್ನಿ ದಂಡದ ಚೀಟಿ ಹರಿಯುತ್ತಾನೆ. ಮರುಕ್ಷಣ ತಾನೂ ಅದೇ ರಸ್ತೆಯಲ್ಲಿ ಹಾಗೇ ತಿರುಗಿಸುತ್ತಾನೆ. ಸಾಮಾನ್ಯ ಪ್ರಜೆಗೂ ಬಂಧಿಸುವ ಹಕ್ಕಿದೆಯೆಂದು ಗೋಮರ್ ಬೀದಿ ತುಂಬ ಕೂಗುತ್ತಾನೆ. ಕಡೆಗೆ ಡೆಪ್ಯುಟಿ ತನ್ನ ಹೆಸರಿಗೆ ತಾನೇ ಚೀಟಿ ಬರೆದುಕೊಳ್ಳಬೇಕಾಗುತ್ತದೆ. ಇದೇ ಜಾಡಿನಲ್ಲಿ ಮುಂದೆ ‘ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್’ (1979–85) ಬಂತು. ಅಲ್ಲಿ ಶೆರಿಫ್ ರಾಸ್ಕೊ ಕೂಡ ಪೆದ್ದ, ಅವನ ಡೆಪ್ಯುಟಿಗಳೂ ಪೆದ್ದರು. ಕಾರು ಹಾರುತ್ತವೆ, ಹಳ್ಳಕ್ಕೆ ಬೀಳುತ್ತವೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಕಡ ಕೊಟ್ಟವನೂ ಪೆದ್ದನಾದರೆ ಕಡದ ಹಾಸ್ಯ ಸತ್ತುಹೋಗುತ್ತದೆ.

ನಮ್ಮ ನಾಡಿನಲ್ಲಿ ಈ ಪದದ ಜಾತಕವೇ ಬೇರೆ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಅವರು ಹೋದರು, ಅವರ ಪದ ಉಳಿಯಿತು. ಪಕ್ಕದ ತಮಿಳುನಾಡಿನಲ್ಲಿ ಇಂದಿಗೂ ಕಲೆಕ್ಟರ್, ನಮ್ಮಲ್ಲಿ ಡೆಪ್ಯುಟಿ ಕಮಿಷನರ್. ಹೆಸರಿನ ಪ್ರಕಾರ ಅವರು ಯಾರದೋ ಕೈಕೆಳಗಿನವರು. ಪ್ರಾದೇಶಿಕ ಆಯುಕ್ತರು ಅಂತ ಮೇಲೊಬ್ಬರು ಇದ್ದಾರೆ ಕೂಡ. ಆದರೆ ಅರ್ಜಿ ಹಿಡಿದು ನಿಂತ ರೈತನಿಗೆ ‘ಡಿಸಿ ಸಾಹೇಬ್ರು’ ಅಂದಮೇಲೆ ಮುಗಿಯಿತು, ಯಾರ ಡೆಪ್ಯುಟಿ ಎಂದು ಕೇಳುವವರಿಲ್ಲ. ‘ಡಿವೈಎಸ್‌ಪಿ’ಯಲ್ಲಿ ಪದದ ಮೊದಲಕ್ಷರ, ಕೊನೆಯಕ್ಷರ ಎರಡೇ ಉಳಿದಿವೆ, ಜೀಪಿನ ಗತ್ತಿಗೆ ಅಷ್ಟು ಸಾಕು. ಶಾಲೆಯ ಮೇಷ್ಟ್ರು ಪಾಠ ಬಿಟ್ಟು ಬೇರೆ ಕಚೇರಿಯಲ್ಲಿ ಕೂತಿದ್ದರೆ ಅದು ‘ಡೆಪ್ಯುಟೇಶನ್’. ಯಾರು ಹಾಕಿದರು ಅನ್ನುವುದಕ್ಕಿಂತ ಯಾರಿಂದ ಹಾಕಿಸಿಕೊಂಡರು ಅನ್ನುವುದೇ ಊರಿನ ಮಾತು.

ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲಿ ಇಲ್ಲ. ಆದರೂ 2019ರಲ್ಲಿ ಕರ್ನಾಟಕಕ್ಕೆ ಒಟ್ಟಿಗೆ ಮೂವರಿದ್ದರು. ಉಪಪ್ರಧಾನಿಯ ಕಥೆಯೂ ಅದೇ. 1989ರಲ್ಲಿ ಪ್ರಮಾಣವಚನದ ಹೊತ್ತಿನಲ್ಲಿ ರಾಷ್ಟ್ರಪತಿ ವೆಂಕಟರಾಮನ್ ‘ಮಂತ್ರಿ’ ಎಂದು ಹೇಳಿಕೊಟ್ಟರೆ ದೇವಿಲಾಲ್ ‘ಉಪಪ್ರಧಾನಮಂತ್ರಿ’ ಎಂದೇ ಹೇಳಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಬರೀ ವರ್ಣನೆ, ಅದರಿಂದ ಹೆಚ್ಚಿನ ಅಧಿಕಾರವೇನೂ ಬರುವುದಿಲ್ಲ ಎಂದು ತೀರ್ಪಾಯಿತು. ಜೇಬಿನ ಗುಂಡಿ ಬಿಚ್ಚದೆ ಇಟ್ಟ ಹಾಗೆಯೇ.

ಡೆಪ್ಯುಟಿ ಎಂಬುದನ್ನು ಕನ್ನಡದಲ್ಲಿ ಬಿರುದಿನ ಹಾಗೆ ಹೊತ್ತವರು ಒಬ್ಬರಿದ್ದರು, ಡೆಪ್ಯುಟಿ ಚನ್ನಬಸಪ್ಪ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದು, ಮರಾಠಿ ತುಂಬಿದ್ದ ಬೆಳಗಾವಿ ಸೀಮೆಯ ಶಾಲೆಗಳಿಗೆ ಕನ್ನಡ ತಂದವರು. ಕಡ ತಂದ ಅಧಿಕಾರವನ್ನು ಹೀಗೂ ಬಳಸಬಹುದಿತ್ತು. ಅವರ ಮೇಲಿನ ಸಾಹೇಬರ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ? ಶೇಕ್ಸ್‌ಪಿಯರ್‌ನ ‘ಕಾಮೆಡಿ ಆಫ್ ಎರರ್ಸ್’ ಅನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಅವರೇ ಎಂಬುದು ಈ ಅಂಕಣಕ್ಕೆ ಸಿಕ್ಕ ಪುಣ್ಯ.

ಮೇಬೆರಿಯ ಡೆಪ್ಯುಟಿಯದೂ ಅಂಥದೇ ಕಥೆ. ಡಾನ್ ನಾಟ್ಸ್‌ಗೆ ಈ ಒಂದೇ ಪಾತ್ರಕ್ಕಾಗಿ ಐದು ಎಮ್ಮಿ ಪ್ರಶಸ್ತಿ ಬಂದವು. ಎಂಟು ವರ್ಷ ಶೆರಿಫ್ ಆಗಿದ್ದ ಗ್ರಿಫಿತ್‌ಗೆ ಒಂದೂ ಬರಲಿಲ್ಲ. ಕಾರ್ಯಕ್ರಮ ಐದು ವರ್ಷಕ್ಕೆ ಮುಗಿಯುತ್ತದೆಂದು ನಂಬಿ ನಾಟ್ಸ್ ಸಿನಿಮಾ ಕಂಪನಿಗೆ ಸಹಿ ಹಾಕಿಬಿಟ್ಟಿದ್ದ, 1965ರಲ್ಲಿ ಹೊರಟುಹೋದ. ಅವನ ಜಾಗಕ್ಕೆ ವಾರೆನ್ ಎಂಬ ಹೊಸ ಡೆಪ್ಯುಟಿಯನ್ನು ತಂದರು, ಹನ್ನೊಂದು ಕಂತುಗಳಲ್ಲಿ ಅವನ ಕಥೆ ಮುಗಿಯಿತು. ಪೆದ್ದತನ ಇತ್ತು, ಆದರೆ ಜೇಬು ಮುಟ್ಟಿ ನೋಡಿಕೊಳ್ಳುವ ಆ ಆತಂಕ ಇರಲಿಲ್ಲ. ಧಾರಾವಾಹಿ ಬಣ್ಣಕ್ಕೆ ತಿರುಗಿದ್ದೂ ಆಗಲೇ, 1968ರವರೆಗೆ ನಡೆದು 249 ಕಂತಿಗೆ ನಿಂತಿತು. ನೀವು ನೋಡುವುದಾದರೆ ಕಪ್ಪುಬಿಳುಪಿನ ಮೊದಲ ಐದು ವರ್ಷದವನ್ನೇ ನೋಡಿ. ಬಣ್ಣದ ಕಂತುಗಳಲ್ಲಿ ಬಾರ್ನಿ ಒಮ್ಮೊಮ್ಮೆ ಅತಿಥಿಯಾಗಿ ಬರುತ್ತಾನೆ, ಅವನ್ನು ಬಿಟ್ಟರೆ ಉಳಿದವನ್ನು ನೋಡದಿದ್ದರೂ ನಷ್ಟವಿಲ್ಲ.