ಇಂದಿರಾ ಗಾಂಧಿ: ಮುಖಪುಟಗಳಲ್ಲಿ, ವ್ಯಂಗ್ಯಚಿತ್ರಗಳಲ್ಲಿ

ಸ್ವತಂತ್ರ ಭಾರತದ ಪತ್ರಿಕೆಗಳಲ್ಲಿ ನೆಹರೂ ನಂತರ ಅತಿ ಹೆಚ್ಚು ರೇಖೆಗಳಿಗೆ ಸಿಕ್ಕ ಮುಖ ಇಂದಿರಾ ಗಾಂಧಿ (1917–1984) ಅವರದು. ನೀಳ ಮೂಗು, ಮುಂಗೂದಲಿನ ಬಿಳಿ ಪಟ್ಟೆ, ತಲೆ ಮೇಲಿನ ಸೆರಗು: ಈ ಮೂರರಲ್ಲಿ ಎರಡು ಇದ್ದರೆ ಸಾಕು, ಕೆಳಗೆ ಹೆಸರು ಬರೆಯುವ ಅಗತ್ಯವಿರಲಿಲ್ಲ. ಅವರು ಪ್ರಧಾನಿಯಾಗಿದ್ದ 1966–77 ಮತ್ತು 1980–84ರ ಅವಧಿಗಳಲ್ಲಿ ಈ ಮುಖ ಒಮ್ಮೆ ದೇವಿಯಾಯಿತು, ಒಮ್ಮೆ ಬೇಟೆಯಾಯಿತು. ಕರ್ನಾಟಕದಲ್ಲಿ ಇದರ ಕಥೆ ದೆಹಲಿಯ ಕಥೆಗಿಂತ ಸ್ವಲ್ಪ ಬೇರೆ.

ಮೊದಲ ಚಿತ್ರಗಳಲ್ಲಿ ವ್ಯಂಗ್ಯಕ್ಕಿಂತ ಕುತೂಹಲವೇ ಹೆಚ್ಚು. 1966ರ ಜನವರಿ 24ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಅಮೆರಿಕದ ‘ಟೈಮ್’ ಜನವರಿ 28ರ ಸಂಚಿಕೆಯ ಮುಖಪುಟಕ್ಕೇ ಅವರನ್ನು ತಂದಿತು. ಸಂಕಟದಲ್ಲಿರುವ ದೇಶ ಹೆಣ್ಣೊಬ್ಬಳ ಕೈಗೆ ಬಂದಿದೆ ಎಂಬುದು ಅದರ ಧಾಟಿ. ಇಲ್ಲಿ ರಾಮಮನೋಹರ ಲೋಹಿಯಾ ‘ಗೂಂಗಿ ಗುಡಿಯಾ’, ಅಂದರೆ ಮೂಕ ಗೊಂಬೆ, ಎಂದು ಜರಿದಿದ್ದರು. ಗೊಂಬೆಯನ್ನು ಆಡಿಸುವವರು ಕಾಂಗ್ರೆಸ್ಸಿನ ಹಿರಿಯರ ಕೂಟವಾದ ‘ಸಿಂಡಿಕೇಟ್’ ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು.

ಕನ್ನಡದ ದುರದೃಷ್ಟವೆಂದರೆ, ಇದೇ ಹೊತ್ತಿಗೆ ಅದರ ಹಾಸ್ಯಪತ್ರಿಕೆ ಕಣ್ಮುಚ್ಚಿತು. ವೈದ್ಯರಾಗಿದ್ದ ಎಂ. ಶಿವರಾಂ (ರಾಶಿ) 1942ರಲ್ಲಿ ಆರಂಭಿಸಿದ ‘ಕೊರವಂಜಿ’ 1967ರಲ್ಲಿ ನಿಂತಿತು. ಮೈಸೂರಿನ ಆರ್. ಕೆ. ಲಕ್ಷ್ಮಣ್ ತಾರುಣ್ಯದಲ್ಲಿ ಅದಕ್ಕೆ ಚಿತ್ರ ಬರೆದವರು. ಮುಂದೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಇಂದಿರಾ ಅವರ ಮೂಗನ್ನು ದೇಶಕ್ಕೆಲ್ಲ ಪರಿಚಯಿಸಿದವರಲ್ಲಿ ಅವರೇ ಪ್ರಮುಖರು. ಹೀಗೆ ಕನ್ನಡದ ಅಂಗಳದಲ್ಲಿ ಪಳಗಿದ ಕೈ ಇಂದಿರಾ ಅವರನ್ನು ಬಿಡಿಸಿದ್ದು ಇಂಗ್ಲಿಷ್ ಪತ್ರಿಕೆಗೆ.

ಅಂದಿನ ಮುದ್ರಣವನ್ನು ಬಿಟ್ಟು ಈ ಚಿತ್ರಗಳನ್ನು ನೋಡಲಾಗದು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಫೋಟೊಗೆ ಚುಕ್ಕಿಗಳ ಹಾಫ್‌ಟೋನ್ ಬ್ಲಾಕ್ ಬೇಕು; ಒರಟು ನ್ಯೂಸ್‌ಪ್ರಿಂಟ್ ಮೇಲೆ ಅದು ಮಸಿಯ ಮುದ್ದೆಯಾಗುವುದೇ ಹೆಚ್ಚು. ಗೆರೆಚಿತ್ರದ ಲೈನ್ ಬ್ಲಾಕ್ ಅಗ್ಗ, ಅಚ್ಚೂ ನಿಚ್ಚಳ. ಬಣ್ಣದ ಮುಖಪುಟವಾದರೆ ಪ್ರತಿ ಬಣ್ಣಕ್ಕೂ ಒಂದೊಂದು ಬ್ಲಾಕ್. ಸಣ್ಣ ಪತ್ರಿಕೆಗಳಲ್ಲಿ ನಾಯಕರ ಮುಖ ನಾಲ್ಕು ದಪ್ಪ ಗೆರೆಗಳಿಗೆ ಇಳಿದದ್ದರಲ್ಲಿ ಕಲೆಗಿರುವಷ್ಟೇ ಪಾಲು ಖರ್ಚಿಗೂ ಇದೆ.

ಗೊಂಬೆಯ ಚಿತ್ರ ಒಡೆದದ್ದು ಬೆಂಗಳೂರಿನಲ್ಲಿ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದೇ ತಿಂಗಳ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರ್ 12ರಂದು ಪಕ್ಷದ ಅಧ್ಯಕ್ಷ ಎಸ್. ನಿಜಲಿಂಗಪ್ಪ ಇಂದಿರಾ ಅವರನ್ನು ಉಚ್ಚಾಟಿಸಿದರು; ಪಕ್ಷ ಎರಡು ಬಣವಾಯಿತು. ಚಿತ್ರದುರ್ಗದ ಈ ನಾಯಕ 1967ರಲ್ಲಿ ವಿಧಾನಸಭೆಗೆ ಗೆದ್ದದ್ದು ಶಿಗ್ಗಾವಿಯಿಂದ, ಅಂದಿನ ಧಾರವಾಡ ಜಿಲ್ಲೆಯೊಳಗಿಂದಲೇ.

ಅದೇ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದ ಶಿಗ್ಲಿಯಂಥ ನೇಕಾರರ ಊರುಗಳಿಗೆ ಹತ್ತಿರದ ಪತ್ರಿಕಾ ಕೇಂದ್ರವೆಂದರೆ ಹುಬ್ಬಳ್ಳಿ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ ಮೂರೂ ಅಲ್ಲಿನವು. ಆದರೆ ಓದು ಬಾರದವರ ಕಣ್ಣಿಗೆ ಬಿದ್ದ ಇಂದಿರಾ ಚಿತ್ರ ಪತ್ರಿಕೆಯದಲ್ಲ, ಗೋಡೆಯದು. 1971ರಲ್ಲಿ ನಿಜಲಿಂಗಪ್ಪನವರ ಬಣದ ಗುರುತು ಚರಕ ತಿರುಗಿಸುವ ಹೆಂಗಸು, ಇಂದಿರಾ ಬಣದ್ದು ಆಕಳು-ಕರು. ಮಗ್ಗದ ಸದ್ದಿನ ಊರುಗಳಲ್ಲಿ ಚರಕಕ್ಕೆ ಹೆಚ್ಚು ಮರ್ಯಾದೆ ಸಿಗಬೇಕಿತ್ತೇನೋ! ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಆಕಳು-ಕರು ಗೆದ್ದಿತು. ಮಗ ಸಂಜಯ ಗಾಂಧಿ ತಲೆಯೆತ್ತಿದ ಮೇಲೆ ಇದೇ ಗುರುತು ವ್ಯಂಗ್ಯಚಿತ್ರಕಾರರಿಗೆ ತಾಯಿ-ಮಗನಾಗಿ ಕಂಡದ್ದು ಪಕ್ಷ ಊಹಿಸದಿದ್ದ ಬೆಳವಣಿಗೆ.

ಬಾಂಗ್ಲಾ ಯುದ್ಧದ ನಂತರ ಭಿತ್ತಿಚಿತ್ರಗಳಲ್ಲಿ ಅವರಿಗೆ ದುರ್ಗೆಯ ರೂಪ ಬಂತು. ತುರ್ತುಪರಿಸ್ಥಿತಿಯ ವೇಳೆ ಎಂ. ಎಫ್. ಹುಸೇನ್ ಕೂಡ ಅದೇ ರೂಪಕವನ್ನು ಕ್ಯಾನ್ವಾಸಿಗೆ ತಂದರು. ಹುಸೇನರ ದೊಡ್ಡ ಹೆಸರಿಗೆ ಈ ಚಿತ್ರಗಳು ಏನನ್ನೂ ಸೇರಿಸಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಗಿ, ಪತ್ರಿಕೆಗಳಿಗೆ ಸೆನ್ಸಾರ್ ಬಂತು. 1948ರಿಂದ ನಡೆದಿದ್ದ, ಅಬು ಅಬ್ರಹಾಂ, ಓ. ವಿ. ವಿಜಯನ್ ಪಳಗಿದ ‘ಶಂಕರ್ಸ್ ವೀಕ್ಲಿ’ ಆಗಸ್ಟ್ 31ಕ್ಕೆ ಮುಚ್ಚಿತು. ಆ ಕಾಲದ ಅತ್ಯುತ್ತಮ ಇಂದಿರಾ ಚಿತ್ರದಲ್ಲಿ ಇಂದಿರಾ ಇಲ್ಲವೇ ಇಲ್ಲ: ಡಿಸೆಂಬರ್ 10ರ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಅಬು ಬಿಡಿಸಿದ್ದು, ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಹೊರಗೆ ಚಾಚುವ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರನ್ನು. ಕಾಗದ ಎಲ್ಲಿಂದ ಬಂತು ಎಂಬುದನ್ನು ಓದುಗನಿಗೆ ಹೇಳಬೇಕಿರಲಿಲ್ಲ.

1977ರಲ್ಲಿ ಸೆನ್ಸಾರ್ ತೆರವಾದಾಗ ಪೆನ್ನುಗಳೆಲ್ಲ ಒಟ್ಟಿಗೆ ಹರಿತವಾದವು. ದೇಶದಲ್ಲಿ ಕಾಂಗ್ರೆಸ್ 154ಕ್ಕೆ ಕುಸಿದರೂ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತು. ಇದಕ್ಕೆ ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆ ಮುಖ್ಯ ಕಾರಣ. ಹೊಲ ಸಿಕ್ಕ ಗೇಣಿದಾರನಿಗೆ ಆಕೆ ‘ಇಂದಿರಮ್ಮ’. ನಗರದ ವ್ಯಂಗ್ಯಚಿತ್ರ ಅವನ ಊರಿನ ಗೋಡೆಯನ್ನು ಅಳಿಸಲಿಲ್ಲ. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರು ವೀರೇಂದ್ರ ಪಾಟೀಲರನ್ನು 77,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದಾಗ ಕಾಫಿ ಸೀಮೆಯ ಊರೊಂದು ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಒಂದು ಹೆಣ್ಣುಸಿಂಹ, ನೂರು ಲಂಗೂರ ಎಂಬರ್ಥದ ಹಿಂದಿ ಘೋಷಣೆ ವ್ಯಂಗ್ಯಚಿತ್ರಕಾರರಿಗೆ ಪ್ರಾಣಿಗಳನ್ನು ಬೇರೆ ಒದಗಿಸಿತ್ತು.

ಕನ್ನಡ ವಾರಪತ್ರಿಕೆಗೆ ತನ್ನದೇ ರಾಜಕೀಯ ಮುಖ ಸಿಕ್ಕಿದ್ದು 1980ರಲ್ಲಿ. ಜುಲೈನಲ್ಲಿ ಪಿ. ಲಂಕೇಶ್ ಜಾಹೀರಾತಿಲ್ಲದ, ಕಪ್ಪು-ಬಿಳುಪಿನ ‘ಲಂಕೇಶ್ ಪತ್ರಿಕೆ’ ತಂದರು. ಅದೇ ತಿಂಗಳು ನರಗುಂದ-ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಪತ್ರಿಕೆಯ ಗುರಿ ಇಂದಿರಾ ಅಲ್ಲ, ಅವರ ನಂಬಿಕೆಯ ಮುಖ್ಯಮಂತ್ರಿ ಆರ್. ಗುಂಡೂರಾವ್. ಲಂಕೇಶರು ಅವರನ್ನು ‘ಗುಂ’ ಎಂಬ ಒಂದೇ ಅಕ್ಷರಕ್ಕೆ ಇಳಿಸಿದರು. ಲಕ್ಷ್ಮಣ್ ಮೂಗಿನಿಂದ ಮಾಡಿದ್ದನ್ನು ಇವರು ಅಕ್ಷರದಿಂದ ಮಾಡಿದರು. 1983ರ ಜನವರಿಯಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಪತ್ರಿಕೆ ಅವರನ್ನೂ ಬಹುಕಾಲ ಸುಮ್ಮನೆ ಬಿಡಲಿಲ್ಲ.